ಹುಲಿಗೆಮ್ಮ ಟೀಚರ್ ಕಲಿತ ಫಾರಸಿ

ನ್ಯಾಮತಿಯ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷ ಮಕ್ಕಳಿಗೆ ಕಾಗೆ, ಗುಬ್ಬಿ, ಚೆಂಡು, ಬುಗುರಿ ಹೇಳಿಕೊಟ್ಟ ಹುಲಿಗೆಮ್ಮ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಬಸವಾಪಟ್ಟಣದ ಒಂದು ಮನೆಯ ಜಗುಲಿಯ ಮೇಲೆ ಕಾಲು ಮಡಚಿ ಕೂತು, ನಾನು, ನೀನು, ಅವನು ಎಂಬಲ್ಲಿಂದ ಮತ್ತೆ ಶುರುಮಾಡಿದಳು. ಮನ್, ತೂ, ಊ. ಭಾಷೆ ಫಾರಸಿ. ಆಸೆಪಟ್ಟು ಕಲಿತದ್ದಲ್ಲ. ಸಮುದ್ರದಾಚೆಯ ಒಂದು ಆಸ್ಪತ್ರೆಯಲ್ಲಿ ಅವಳ ತಮ್ಮ ಮಲಗಿದ್ದ. ಅವನು ಹೇಗಿದ್ದಾನೆಂದು ಹೇಳಬಲ್ಲ ಒಬ್ಬಳೇ ಒಬ್ಬಳು ಹೆಂಗಸಿಗೆ ಆ ಭಾಷೆ ಬಿಟ್ಟು ಬೇರೊಂದು ಬರುತ್ತಿರಲಿಲ್ಲ.

ತಮ್ಮ ಎಂದರೆ ಹುಲಿಗೆಮ್ಮನಿಗೆ ಅರ್ಧ ಮಗ. ಜಗಳೂರಿನ ಕಡೆಯ ಸಣ್ಣ ಊರು ಅವರದು. ಅಪ್ಪ ಚಿಕ್ಕಹನುಮಂತಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಡಾಂಬರು ಕಾಯಿಸುತ್ತಿದ್ದ. ಅವ್ವ ಸುಂಕಲಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಪರಶುರಾಮ ಹುಟ್ಟಿದಾಗ ಹುಲಿಗೆಮ್ಮನಿಗೆ ಎಂಟು ವರ್ಷ. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳು ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ದಾಟಿದಳು. ಮಗ್ಗಿ ಒಪ್ಪಿಸುವಾಗ ಅವನು ಜಡೆ ಹಿಡಿದು ಎಳೆಯುತ್ತಿದ್ದ. ಮೇಷ್ಟ್ರು ನಗುತ್ತಿದ್ದರು. ಅವಳು ಎಂಟೇಳ್ಲೆ ಐವತ್ತಾರರಲ್ಲಿ ತಪ್ಪಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.

ಮದುವೆಯಾಗಿ ನ್ಯಾಮತಿಗೆ ಬಂದಳು. ಗಂಡ ನಾಗರಾಜ್ ಗೂಡ್ಸ್ ಆಟೊ ಓಡಿಸುವವನು, ಮಾತು ಕಡಿಮೆ. ತಮ್ಮ ಐಟಿಐ ಮುಗಿಸಿ ಮುಂಬೈ ಸೇರಿ, ಅಲ್ಲಿಂದ ಹಡಗು ಹತ್ತಿದ. ಹಡಗಿನ ಹೊಟ್ಟೆಯೊಳಗೆ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸ. ವರ್ಷಕ್ಕೊಮ್ಮೆ ಬಂದಾಗ ಅಕ್ಕನ ಅಂಗನವಾಡಿಯ ಮಕ್ಕಳ ಮುಂದೆ ಹಡಗಿನ ಭೋಂಕಾರ ಮಾಡಿ ತೋರಿಸಿ ಹೋಗುತ್ತಿದ್ದ.

ಹೋದ ವರ್ಷ ಶ್ರಾವಣದಲ್ಲಿ ಆ ಹಡಗನ್ನು ಇರಾನಿನ ಕಡಲಲ್ಲಿ ತಡೆದು ನಿಲ್ಲಿಸಿದರು. ಕಾಗದಪತ್ರವಿಲ್ಲದ ಡೀಸೆಲ್ ಸಾಗಿಸುತ್ತಿದ್ದರೆಂದು ಹನ್ನೊಂದು ಮಂದಿಯನ್ನೂ ಒಂದು ಬಂದರು ಪಟ್ಟಣದ ಜೈಲಿಗೆ ಹಾಕಿದರು. ಹಡಗಿನ ಮಾಲೀಕ ಫೋನ್ ಎತ್ತುವುದನ್ನು ಬಿಟ್ಟ. ಸರ್ಕಾರಕ್ಕೆ ಬರೆದ ಅರ್ಜಿಗಳಿಗೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರುತ್ತಿತ್ತು. ಮೂರು ತಿಂಗಳಾದ ಮೇಲೆ, ಜೊತೆಗಿದ್ದ ಕಾರವಾರದ ಹುಡುಗನ ಮನೆಯವರು ಫೋನ್ ಮಾಡಿ, ಪರಶುರಾಮನನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ್ದಾರಂತೆ, ಎದೆಯಲ್ಲಿ ನೀರು ತುಂಬಿದೆಯಂತೆ ಎಂದು ಹೇಳಿ ಒಂದು ನಂಬರು ಕೊಟ್ಟರು. ವಾರ್ಡಿನ ಗೋಡೆಗೆ ಹಾಕಿದ ಹಳೇ ಫೋನಿನ ನಂಬರು.

ಹುಲಿಗೆಮ್ಮ ಫೋನ್ ಮಾಡಿದಳು. ಒಬ್ಬ ಹೆಂಗಸು ಎತ್ತಿ, ಹಲೋ ಎನ್ನುವಂತೆ “ಬಲೇ?” ಎಂದಳು. ಇವಳು ಹಿಂದಿಯಲ್ಲಿ ಹೇಳಿದಳು, ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು, ಪರಶುರಾಮ್ ಪರಶುರಾಮ್ ಎಂದು ಎರಡು ಸಲ ಕೂಗಿದಳು. ಆ ಕಡೆಯಿಂದ ಏನೋ ಒಂದು ಉದ್ದನೆಯ ಮಾತು ಬಂತು, ಆಮೇಲೆ ಫೋನ್ ಇಟ್ಟ ಸದ್ದು. ಮಾರನೆಯ ದಿನ ಇನ್ನೊಂದು ಮೊಬೈಲಿನಲ್ಲಿ ಭಾಷಾಂತರದ ಆ್ಯಪ್ ತೆರೆದು ಎರಡನ್ನೂ ಮುಖಾಮುಖಿ ಹಿಡಿದು ನೋಡಿದಳು. ಯಂತ್ರದ ದನಿ ಕೇಳಿದ್ದೇ ತಡ, ಆ ಹೆಂಗಸು ಏನೋ ಗದರಿ ಫೋನ್ ಇಟ್ಟುಬಿಟ್ಟಳು. ಬರೆದು ಕಳಿಸೋಣವೆಂದರೆ ಅಲ್ಲಿ ಇಂಟರ್‌ನೆಟ್ ಬಂದ್ ಆಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾಗರಾಜ್, “ಬಸವಾಪಟ್ಟಣದಾಗೆ ಗೌಸ್ ಪೀರ್ ಮೇಷ್ಟ್ರು ಅಂತ ಅದಾರೆ. ಉರ್ದು ಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ರು. ಅವರ ಮೆಕ್ಕೆಜೋಳ ನಾನೇ ಸಾಗಿಸೋದು. ಕಾಲೇಜಿನಾಗೆ ಫಾರಸಿ ಓದಿದೋರಂತೆ,” ಎಂದ. ಒಂದೇ ಉಸಿರಿಗೆ ಅವನು ಅಷ್ಟು ಮಾತಾಡಿದ್ದೇ ಅಪರೂಪ.

ಹೀಗೆ ಭಾನುವಾರದ ಪಾಠ ಶುರುವಾಯಿತು. ಹೊನ್ನಾಳಿಯಲ್ಲಿ ಬಸ್ ಬದಲಿಸಿ ಹೋಗಬೇಕು. ಗೌಸ್ ಪೀರ್ ಮೇಷ್ಟ್ರಿಗೆ ಎಪ್ಪತ್ತೆಂಟು. ಕಣ್ಣಿನ ಪೊರೆ ತೆಗೆಸಿದ್ದರಿಂದ ಮನೆಯೊಳಗೂ ಕಪ್ಪು ಕನ್ನಡಕ. ಮೊದಲ ದಿನ ಅವಳ ಕಥೆಯನ್ನೆಲ್ಲ ಕೇಳಿ ಅವರು ಎದ್ದು ಒಳಗೆ ಹೋಗಿ ಒಂದು ಪಾಟಿ ತಂದರು.

“ಹೆದರಿಕೋಬ್ಯಾಡ್ರಿ ಟೀಚರ್. ನಿಮ್ಮ ಕನ್ನಡ ಹೆಂಗೆ ಕೂಂತೈತೋ ಫಾರಸೀನೂ ಹಂಗೇ ಕೂಂತೈತೆ. ಯಾರು, ಅದು ಮೊದಲು. ಏನನ್ನ, ಅದು ಆಮೇಲೆ. ಕ್ರಿಯಾಪದ ಕೊನೇಗೆ. ಬಸ್ಸಿನಾಗೆ ಕಂಡಕ್ಟರ್ ಇದ್ದಂಗೆ. ಎಲ್ರೂ ಹತ್ತಿದ ಮ್ಯಾಲೆ ಬಾಗಿಲು ಹಾಕಾಕೆ ಅವನೇ ಬರಬೇಕು.”

ಪಾಟಿಯ ಮೇಲೆ ಕನ್ನಡ ಅಕ್ಷರದಲ್ಲೇ ಬರೆದರು: ಮನ್ ನಾನ್ ಮೀಖುರಮ್.

“ಮನ್ ಅಂದ್ರೆ ನಾನು. ನಾನ್ ಅಂದ್ರೆ ರೊಟ್ಟಿ. ಮೀಖುರಮ್, ತಿಂತೀನಿ. ಕೊನೇಲಿ ‘ಮ್’ ಐತಲ್ಲ, ಅದು ನಿಮ್ಮ ತಿಂತೀನಿಯ ‘ನಿ’. ಊ ಮೀಖುರದ್, ಅವನು ತಿಂತಾನೆ. ಅವಳು ತಿಂತಾಳೆ ಅನ್ನಾಕೂ ಅದೇ.”

“ಅವನಿಗೂ ಅವಳಿಗೂ ಒಂದೇನಾ ಸರ್?”

“ಒಂದೇ. ಊ ಅಂದ್ರೆ ಗಂಡಸೂ ಹೌದು, ಹೆಂಗಸೂ ಹೌದು. ಅಷ್ಟು ಕಡಿಮೆ ಕಲಿಯಾಕೆ. ನಿಮ್ಮ ಪುಣ್ಯ.”

‘ರಾ’ ಎಂದರೆ ನಮ್ಮ ‘ಅನ್ನು’ ಎಂದರು. ನಾನ್ ರಾ ಖುರ್ದಮ್, ರೊಟ್ಟಿಯನ್ನು ತಿಂದೆ. ಇಲ್ಲ ಎನ್ನಬೇಕಾದರೆ ಕ್ರಿಯಾಪದದ ಮುಂದೆ ಒಂದು ‘ನ’. ಪ್ರಶ್ನೆಯಾದರೆ ಮುಂದೆ ‘ಆಯಾ’ ಹಾಕಬಹುದು, ಇಲ್ಲವೆ ಬರೇ ದನಿ ಎತ್ತಿದರೂ ಸಾಕು. ಹಿರಿಯರಿಗೆ ‘ಶುಮಾ’ ಎಂದು, ಬರ್ರಿ ಹೋಗ್ರಿ ಎನ್ನುವ ಹಾಗೆ ಕೊನೆಗೆ ‘ಇದ್’ ಸೇರಿಸಬೇಕು. ಒಂದೇ ಒಂದು ಕಡೆ ಮಾತ್ರ ಫಾರಸಿ ತಿರುಗಿ ನಿಂತಿತ್ತು. ಪರಶುರಾಮನ ಅಕ್ಕ ಎಂಬುದು ಅಲ್ಲಿ ‘ಖಾಹರೆ ಪರಶುರಾಮ್’. ಅಕ್ಕ ಮೊದಲು, ಪರಶುರಾಮ ಆಮೇಲೆ. ಅದನ್ನು ಬರೆದುಕೊಳ್ಳುವಾಗ ಹುಲಿಗೆಮ್ಮನ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಕಲಿಸುವ ಕಸುಬು ಗೊತ್ತಿದ್ದವಳು ಕಲಿಯುವುದಕ್ಕೂ ಅದನ್ನೇ ಬಳಸಿದಳು. ರಟ್ಟಿನ ಮೇಲೆ ಚಿತ್ರ ಬರೆದಳು. ನೀರಿನ ಲೋಟ, ಆಬ್. ಮಂಚ, ತಖ್ತ್. ಔಷಧಿ ಬಾಟಲಿ, ದಾರೂ. ಕ್ರಿಯಾಪದಗಳಿಗೆ ಕೆಂಪು ರಟ್ಟು. ಅವು ಯಾವತ್ತೂ ಸಾಲಿನ ಬಲತುದಿಗೆ. ಮಕ್ಕಳು ಮಧ್ಯಾಹ್ನ ಚಾಪೆಯ ಮೇಲೆ ಮಲಗಿದಾಗ ಗೋಡೆಯ ದಾರಕ್ಕೆ ಅವನ್ನು ಸಿಕ್ಕಿಸಿ, ತೆಗೆದು, ಜಾಗ ಬದಲಿಸಿ ಪಿಸುದನಿಯಲ್ಲಿ ಓದುತ್ತಿದ್ದಳು. ಎಲ್ಲ ಮಕ್ಕಳೂ ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಗೊತ್ತಾದದ್ದು, ಒಬ್ಬಳು ಪುಟ್ಟಿ ಲೋಟ ಹಿಡಿದು ಬಂದು “ಟೀಚರ್, ಆಬ್ ಕೊಡ್ರಿ,” ಎಂದಾಗ. ಅವಳ ತಾಯಿ ಮಾರನೆಯ ದಿನ ಬಾಗಿಲಲ್ಲೇ ನಿಂತು ಕೇಳಿದಳು:

“ಏನ್ ಟೀಚರಮ್ಮ, ನನ್ ಮಗಳು ಮನೇಲಿ ರೊಟ್ಟಿಗೆ ನಾನ್ ಅಂತಾಳೆ, ನೀರಿಗೆ ಆಬ್ ಅಂತಾಳೆ. ಹೋಟ್ಲಿಗೆ ಕಳಿಸಿದ್ದೀನೋ ಅಂಗನವಾಡಿಗೋ?”

“ನಂದೇ ಪಾಠ ಕಣಮ್ಮ, ಅವಳ ಕಿವಿಗೆ ಬಿದ್ದೈತೆ,” ಎಂದು ಹುಲಿಗೆಮ್ಮ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಏಳನೆಯ ಭಾನುವಾರ ಕಳೆದು ಸೋಮವಾರ ಮಧ್ಯಾಹ್ನ ಮತ್ತೆ ಆ ನಂಬರಿಗೆ ಫೋನ್ ಮಾಡಿದಳು. ಬಲೇ ಎಂದು ಅದೇ ದನಿ.

“ಸಲಾಮ್ ಖಾನುಮ್. ಮನ್ ಖಾಹರೆ ಪರಶುರಾಮ್ ಹಸ್ತಮ್. ಲುತ್ಫನ್ ಆಹಿಸ್ತೆ ಬಿಗೂಯಿದ್.” ನಮಸ್ಕಾರ ಅಮ್ಮ, ನಾನು ಪರಶುರಾಮನ ಅಕ್ಕ, ದಯವಿಟ್ಟು ನಿಧಾನ ಮಾತಾಡಿ.

ಆ ಕಡೆಯಿಂದ ದೊಡ್ಡ ನಗು. ಮೇಷ್ಟ್ರ ಫಾರಸಿ ಅರಮನೆಯ ಹಳೆಯ ಫಾರಸಿ. ಆ ವಾರ್ಡಿನಲ್ಲಿ ಯಾರೂ ಹಾಗೆ ಮಾತಾಡಿದ್ದಿಲ್ಲ. ಆದರೆ ಅರ್ಥವಾಗಿತ್ತು. ಆ ಹೆಂಗಸಿನ ಹೆಸರು ಮಾಸೂಮೆ. ವಾರ್ಡು ಗುಡಿಸಿ ಒರೆಸುವವಳು, ರೋಗಿಗಳಿಗೆ ಊಟ ಕೊಡುವವಳು. “ಬರಾದರಮ್ ಹಾಲಶ್ ಚಿತೌರ್ ಅಸ್ತ್?” ಎಂದು ಹುಲಿಗೆಮ್ಮ ಕೇಳಿದಳು, ನನ್ನ ತಮ್ಮ ಹೇಗಿದ್ದಾನೆ? ಮಾಸೂಮೆ ಒಂದೊಂದೇ ಮಾತನ್ನು ಮಗುವಿಗೆ ತುತ್ತು ಕೊಟ್ಟಂತೆ ಕೊಟ್ಟಳು. ಊ. ಆಬ್. ಮೀಖುರದ್. ತಿನ್ನುವುದಕ್ಕೂ ಕುಡಿಯುವುದಕ್ಕೂ ಅಲ್ಲಿ ಅದೇ ಮಾತು, ನೀರು ಕುಡಿಯುತ್ತಾನೆ.

ಅಷ್ಟೇ. ಹುಲಿಗೆಮ್ಮ ಆ ಮೂರು ಮಾತನ್ನು ಜಗಳೂರಿಗೆ ಮುಟ್ಟಿಸಿದಳು. ತಮ್ಮನ ಹೆಂಡತಿ ನೇತ್ರಾವತಿ ಅತ್ತಳು. ಅವ್ವ ಸುಂಕಲಮ್ಮ, “ಬರೇ ನೀರೇನೆ?” ಎಂದಳು.

ಆಮೇಲೆ ಪ್ರತಿ ಸೋಮವಾರ. ಮಾಸೂಮೆ ಇಷ್ಟಿಷ್ಟೇ ಹೇಳುತ್ತಿದ್ದಳು, ಹುಲಿಗೆಮ್ಮ ಬರೆದುಕೊಳ್ಳುತ್ತಿದ್ದಳು. ಜ್ವರ ಇಲ್ಲ. ನಿನ್ನೆ ಎದ್ದು ಕೂತ. ಒಂದು ದಿನ ಮಗಳ ಹೆಸರು ಹೇಳಿದನಂತೆ. “ರಕ್ಷಾ, ರಕ್ಷಾ” ಎಂದು ಆ ಹೆಂಗಸಿನ ಬಾಯಲ್ಲಿ ಆ ಹೆಸರು ಬಂದಾಗ ಹುಲಿಗೆಮ್ಮ ಬಚ್ಚಲ ಮನೆಗೆ ಹೋಗಿ ಮುಖ ತೊಳೆದು ಬಂದಳು. ಮನೆಯವರಿಗೆಲ್ಲ ಈಗ ಅವಳ ಕಿವಿಯೇ ಕಿವಿ. ಅದು ಅವಳಿಗೆ ಭಾರವಾಗತೊಡಗಿತ್ತು. ತನಗೆ ತಿಳಿದದ್ದು ತಪ್ಪಾಗಿದ್ದರೆ? ತಮ್ಮ ಬದುಕಿರುವುದೇ ತನ್ನ ನೋಟ್‌ಬುಕ್ಕಿನಲ್ಲಿ ಎಂಬಂತೆ ಅವಳು ಆ ಪುಸ್ತಕವನ್ನು ಅಕ್ಕಿ ಡಬ್ಬಿಯ ಮೇಲೆ, ಕೈಗೆಟುಕುವಲ್ಲಿ ಇಟ್ಟುಕೊಂಡಿದ್ದಳು.

ಫಾಲ್ಗುಣದ ಒಂದು ಸೋಮವಾರ ಮಾಸೂಮೆಯ ದನಿ ಬೇರೆಯಾಗಿತ್ತು.

“ಹಾಲಶ್ ಬದ್ ಅಸ್ತ್,” ಎಂದಳು. ಅವನ ಸ್ಥಿತಿ ಚೆನ್ನಾಗಿಲ್ಲ. “ಖೈಲೀ ಬದ್. ದುವಾ ಕುನ್.” ತುಂಬಾ ಕೆಟ್ಟಿದೆ, ಬೇಡಿಕೋ. ಹಿಂದೆ ಯಾರೋ ಕೂಗಿದರು, ಕಬ್ಬಿಣದ ಗಾಲಿ ಉರುಳಿದ ಸದ್ದಾಯಿತು, ಫೋನ್ ಕಟ್ ಆಯಿತು. ಮತ್ತೆ ಮಾಡಿದರೆ ಲೈನೇ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ.

ಬುಧವಾರ ಸಂಜೆಯ ಹೊತ್ತಿಗೆ ಹುಲಿಗೆಮ್ಮ ಎಲ್ಲವನ್ನೂ ತಿಳಿದುಕೊಂಡಿದ್ದಳು. ಜಗಳೂರಿನ ಕಡೆ ದೂರದಲ್ಲಿದ್ದವರಿಗೆ ಸಾವನ್ನು ಯಾರೂ ಸಾವೆಂದು ಹೇಳುವುದಿಲ್ಲ. ಅಪ್ಪ ತೀರಿಕೊಂಡ ದಿನ ಅವಳಿಗೆ ಬಂದ ಫೋನು, “ಅಪ್ಪಂಗೆ ಸ್ವಲ್ಪ ಜೋರೈತೆ, ಬೇಗ ಬಾ,” ಎಂದಿತ್ತು. ದಾರಿಯಲ್ಲಿ ಬಸ್ಸಿನವರು ಊಟಕ್ಕೆ ನಿಲ್ಲಿಸಿದಾಗ ಇವಳು ಎರಡು ಇಡ್ಲಿ ತಿಂದಿದ್ದಳು, ಅಪ್ಪನಿಗೆ ಎಂದು ಕಿತ್ತಳೆ ಹಣ್ಣು ಕೊಂಡಿದ್ದಳು. ಊರಲ್ಲಿ ಇಳಿದು ನೋಡಿದರೆ ಅಂಗಳದಲ್ಲಿ ಜನ. ಅವಳೂ ಇನ್ನೊಬ್ಬರಿಗೆ ಹಾಗೇ ಹೇಳಿದ್ದಾಳೆ, ಎಷ್ಟೋ ಸಲ. ದಾರಿ ಸವೆಯುವ ತನಕವಾದರೂ ನೆಮ್ಮದಿಯಿಂದ ಇರಲಿ ಎಂಬ ಕರುಣೆ ಅದು. ಸೀರಿಯಸ್ ಎಂದರೆ ಮುಗಿಯಿತು ಎಂದೇ ಅರ್ಥ. ಮಾಸೂಮೆಯೂ ಹೆಣ್ಣಲ್ಲವೆ? ಅಕ್ಕನಿಗೆ ಫೋನಿನಲ್ಲಿ ಹೇಗೆ ಹೇಳಿಯಾಳು? ಬೇಡಿಕೋ ಎಂದಳಲ್ಲ.

ಗುರುವಾರ ಬೆಳಗ್ಗೆ ಅಂಗನವಾಡಿಯ ಬೀಗದ ಕೈಯನ್ನು ಸಹಾಯಕಿಗೆ ಕೊಟ್ಟು ಜಗಳೂರಿನ ದಾರಿ ಹಿಡಿದಳು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದಳು. ಹೇಳಲು ಬೇರೆ ಮಾತು ಸಿಗಲಿಲ್ಲ. ಬಾಗಿಲಿಗೆ ಬಂದ ಸುಂಕಲಮ್ಮ ಮಗಳ ಮುಖ ನೋಡಿದಳು, ಬರಿಗೈ ನೋಡಿದಳು.

“ಏನಂತೆ?”

“ಸ್ವಲ್ಪ ಸೀರಿಯಸ್ ಐತಂತೆ ಅವ್ವಾ.”

ಸುಂಕಲಮ್ಮ ಹೊಸ್ತಿಲ ಮೇಲೆ ಕುಸಿದು ಕೂತು, ಓಣಿಯ ಕೊನೆಯ ಮನೆಗೂ ಕೇಳುವಂತೆ ಗೋಳಿಟ್ಟಳು. ಅಷ್ಟೇ ಸಾಕಾಯಿತು. ಅರ್ಧ ಗಂಟೆಯೊಳಗೆ ಅಂಗಳ ತುಂಬಿತು. ಚಿಗಪ್ಪ ಬಂದು, ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಪರಶುರಾಮನ ಫೋಟೊವನ್ನು ಗೋಡೆಯಿಂದ ಇಳಿಸಿದ. ಒಳಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಅದನ್ನು ಒರಗಿಸಿ ಇಟ್ಟರು. ಯಾರೋ ಹೂವು ತಂದರು. ದೇಹ ಬರುವುದು ಯಾವ ಕಾಲಕ್ಕೋ, ಮೂರನೇ ದಿನದ್ದನ್ನು ಫೋಟೊ ಇಟ್ಟೇ ಮಾಡೋಣ ಎಂದು ಚಿಗಪ್ಪ ಹೇಳಿದ. ಹುಲಿಗೆಮ್ಮ ಗೋಡೆಗೊರಗಿ ಕೂತಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ಮಾಸೂಮೆ ಹೇಳಿದ್ದನ್ನೇ ಹೇಳಿದ್ದಳು. ಆದರೂ ಕಣ್ಣೆದುರಿಗೆ ತಮ್ಮನ ಫೋಟೊಕ್ಕೆ ಹಾರ ಬಿತ್ತು.

ಎರಡನೇ ಕ್ಲಾಸಿನ ರಕ್ಷಾ ಸ್ಕೂಲಿನಿಂದ ಬಂದಾಗ ಎಲ್ಲರೂ ಮಾತು ನಿಲ್ಲಿಸಿದರು. ಮಗು ಬ್ಯಾಗನ್ನು ಬೆನ್ನ ಮೇಲಿಂದ ಇಳಿಸದೆ ಹೂವಿನ ಹಾರವನ್ನು ನೋಡುತ್ತ ನಿಂತಿತ್ತು.

ಶುಕ್ರವಾರ ಬೆಳಗ್ಗೆ ಇಬ್ಬರು ಹಿರಿಯ ಹೆಂಗಸರು ನೇತ್ರಾವತಿಯ ಬಳಿ ಬಂದು, ಬಳೆ, ಕಾಲುಂಗುರದ ಮಾತೆತ್ತಿದರು. ಆವರೆಗೂ ಒಂದು ಮಾತೂ ಆಡದಿದ್ದ ನೇತ್ರಾವತಿ ಎದ್ದು ಬಂದು ಹುಲಿಗೆಮ್ಮನ ಮುಂದೆ ಕೂತಳು.

“ಅಕ್ಕಾ, ಆ ಯಮ್ಮ ಏನಂದ್ಲು? ಅವಳು ಅಂದಿದ್ದನ್ನೇ ಹೇಳು. ನಿನ್ ಮಾತು ಬ್ಯಾಡ.”

ಹುಲಿಗೆಮ್ಮ ಹೇಳಿದಳು. ಪದ ಪದ ಬಿಡಿಸಿ ಅರ್ಥ ಹೇಳಿದಳು.

“ಸತ್ತ ಅಂದ್ಲೇನು?”

“ಹಂಗೆ ಯಾರಾದ್ರೂ ಅಂತಾರೇನೆ ನೇತ್ರಾ?”

“ಅಂದ್ಲೋ ಇಲ್ವೋ? ಆ ಭಾಷೇಲಿ ಅದಕ್ಕೇನಂತಾರೆ?”

ಹುಲಿಗೆಮ್ಮನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಕ್ರಿಯಾಪದಗಳನ್ನು ಪಟ್ಟಿ ಮಾಡುವಾಗ ಆ ಪದಕ್ಕೆ ಬಂದಿದ್ದರು. ಅವಳೇ ಕೈ ಅಡ್ಡ ಹಿಡಿದು, ಅದೊಂದು ಬಿಡ್ರಿ ಸರ್ ಎಂದಿದ್ದಳು. ಅವರು ಮುಂದಿನದನ್ನು ಬರೆದಿದ್ದರು.

“ಗೊತ್ತಿಲ್ದೆ ನನ್ ಗಂಡನ್ನ ಹೆಂಗೆ ಸಾಯಿಸಿದ್ರಿ?” ಎಂದಳು ನೇತ್ರಾವತಿ. ಅವಳು ಕೂಗಲಿಲ್ಲ. ಬಳೆಯಿದ್ದ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. “ಕೇಳು. ಕೇಳಿ ಹೇಳು. ಅಲ್ಲೀತಂಕ ನನ್ನ ಯಾರೂ ಮುಟ್ಟಬ್ಯಾಡ್ರಿ.”

ಹುಲಿಗೆಮ್ಮ ಹಿತ್ತಿಲಿಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿದರು.

“ನಂದೂ ತಪ್ಪೈತೆ ಟೀಚರ್. ನೀವು ಬ್ಯಾಡ ಅಂದ್ರಿ, ನಾನೂ ಬಿಟ್ಟೆ. ಬರಕೊಳ್ರಿ. ಮುರ್ದ್ ಅಂದ್ರೆ ಸತ್ತ. ಜಿಂದೆ ಅಸ್ತ್ ಅಂದ್ರೆ ಬದುಕಿದಾನೆ. ಎರಡೂ ನೇರ ಮಾತು. ನೇರ ಕೇಳ್ರಿ. ಅವರ ಊರಿನಾಗೆ ಹೆಂಗೆ ಹೇಳ್ತಾರೋ ನಮಗೇನು ಗೊತ್ತು?”

ಕೇಳುವುದು ಸುಲಭವಿರಲಿಲ್ಲ. ಒಡಹುಟ್ಟಿದವನು ಬದುಕಿದ್ದಾನೋ ಎಂದು ಅಕ್ಕನೊಬ್ಬಳು ಬಾಯಿಬಿಟ್ಟು ಕೇಳುವ ವಾಕ್ಯ ಅವಳ ಕನ್ನಡದಲ್ಲೇ ಇರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು, ಹಿತ್ತಿಲ ಕಲ್ಲಿನ ಮೇಲೆ ಕೂತು ನಂಬರು ಒತ್ತುತ್ತ ಹೋದಳು. ಲೈನಿಲ್ಲ. ಶನಿವಾರ ಮೂರನೇ ದಿನದ್ದು ನಡೆಯಿತು. ನೇತ್ರಾವತಿ ಒಳಗಿಂದ ಬಾಗಿಲು ಹಾಕಿಕೊಂಡು ಕೂತಳು. ಬಂದವರು ಉಂಡು, ಆ ಬಾಗಿಲ ಕಡೆ ನೋಡಿ, ತಲೆಯಾಡಿಸಿ ಹೋದರು. ಚಿಗಪ್ಪ ಹುಲಿಗೆಮ್ಮನನ್ನು ಕರೆದು, “ಆ ಹುಡುಗಿಗೆ ಆಸೆ ಹಚ್ಚಬ್ಯಾಡವ್ವ, ಪಾಪ ಬರ್ತೈತೆ,” ಎಂದ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಆ ಕಡೆ ಫೋನ್ ರಿಂಗಾಯಿತು. ಎತ್ತಿದ್ದು ಮಾಸೂಮೆಯೇ.

“ಬರಾದರಮ್ ಜಿಂದೆ ಅಸ್ತ್?”

“ಜಿಂದೆ ಅಸ್ತ್,” ಎಂದಳು ಮಾಸೂಮೆ, ಇದೇನು ಪ್ರಶ್ನೆ ಎಂಬಂತೆ. ಹುಲಿಗೆಮ್ಮ ನಂಬದೆ ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ ಉತ್ತರ. ಬೇರೆ ಕೋಣೆಗೆ ಹಾಕಿದ್ದಾರೆ, ಮೂಗಿಗೆ ನಳಿಕೆ, ಇವತ್ತು ಕಣ್ಣು ಬಿಟ್ಟಿದ್ದಾನೆ. ಇಷ್ಟು ಅರ್ಥವಾಯಿತು. ಆಮೇಲಿನದು ಆಗಲಿಲ್ಲ. ಲೈನು ಹೋಯಿತು.

ಹುಲಿಗೆಮ್ಮ ಓಡಿ ಹೋಗಿ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಹೇಳಿದಳು. ಒಳಗೆ ಚಿಲಕ ಸರಿದ ಸದ್ದು. ನೇತ್ರಾವತಿ ನೆಲದ ಮೇಲೆ ಮಂಡಿಯೂರಿ ಕೂತು, ರಕ್ಷಾಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಆದರೆ ಸುಂಕಲಮ್ಮ ಅಲುಗಲಿಲ್ಲ. ಫೋಟೊದ ಮುಂದೆ ಕಾಲು ಚಾಚಿ ಕೂತಿದ್ದವಳು, ಕೂತೇ ಇದ್ದಳು.

“ಅವ್ವಾ, ಬದುಕವನೆ ಅಂದ್ಲು. ಎಲ್ಡು ಸಲ ಕೇಳಿದೆ.”

“ಹೂಂ.”

“ನನ್ನ ನಂಬಲ್ವೇನವ್ವ?”

“ನಿಮ್ಮಪ್ಪ ಹೋದಾಗ ನಿಂಗೆ ಫೋನ್ ಮಾಡ್ಸಿದ್ದು ಯಾರಂದ್ಕಂಡಿ? ನಾನೇ. ಜೋರೈತೆ ಅನ್ನು, ಹೋಗ್ಬಿಟ್ಟ ಅನ್ನಬ್ಯಾಡ ಅಂತ ನಾನೇ ಹೇಳ್ಕೊಟ್ಟಿದ್ದು. ನೀನು ಹಣ್ಣು ತಗಂಡು ಬಂದಿದ್ದೆ. ಈಗ ನಂಗೆ ಹೇಳಾಕೆ ಬಂದವಳೆ.” ಸುಂಕಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಹುಡುಗಿ ಬಳೆ ತೆಗೀವಲ್ಲಳು ಅಂತ ಹೇಳ್ತಿದ್ದೀಯ. ಹೇಳು. ನಾನೇನ್ ಬ್ಯಾಡ ಅನ್ನಲ್ಲ.”

ಹುಲಿಗೆಮ್ಮ ಆಣೆ ಮಾಡಬಹುದಿತ್ತು. ಆದರೆ ಇಂಥ ಹೊತ್ತಿನಲ್ಲಿ ಸುಳ್ಳು ಹೇಳುವವರೂ ಆಣೆ ಮಾಡಿಯೇ ಹೇಳುತ್ತಾರೆ. ಅವ್ವ ಎರಡು ದಿನದಿಂದ ಒಂದು ಲೋಟ ಗಂಜಿ ಬಿಟ್ಟು ಏನೂ ಮುಟ್ಟಿರಲಿಲ್ಲ. ಕೈ ಹಿಡಿದರೆ ತಣ್ಣಗಿತ್ತು. ಬದುಕಿರುವ ಮಗನಿಗಾಗಿ ಈಕೆ ಹೀಗೆ ಕೂತಲ್ಲೇ ಕರಗಿಹೋದರೆ, ಅದು ತಾನು ಹೊಸ್ತಿಲಲ್ಲಿ ನಿಂತು ಆಡಿದ ಒಂದು ಮಾತಿನಿಂದ.

ಸಂಜೆ ಅವಳು ಅವ್ವನ ಎದುರು ಚಕ್ಕಂಬಕ್ಕಳ ಹಾಕಿ ಕೂತಳು, ಅಂಗನವಾಡಿಯಲ್ಲಿ ಹೊಸ ಮಗುವಿನ ಎದುರು ಕೂರುವಂತೆ.

“ನನ್ ಮಾತು ಬಿಡು. ನೀನೇ ಕೇಳು.”

“ನಾನೆಲ್ಲಿ ಕೇಳ್ಲಿ? ಕನ್ನಡಾನೇ ಓದಾಕೆ ಬರಲ್ಲ.”

“ಓದೋದ್ ಬ್ಯಾಡ. ಮೂರು ಮಾತು. ಪಿಸರಮ್, ನನ್ ಮಗ. ಜಿಂದೆ, ಬದುಕು. ಅಸ್ತ್, ಐತೆ. ನಾವ್ ಹೆಂಗಂತೀವೋ ಹಂಗೇ.”

ಸುಂಕಲಮ್ಮ ಬಹಳ ಹೊತ್ತು ಮಗಳ ಬಾಯನ್ನೇ ನೋಡಿದಳು. ಆಮೇಲೆ “ಪಿಸ್ರಮ್ಮ,” ಎಂದಳು.

“ಪಿಸರಮ್.”

“ಅದೇ ಅಂದೆನಲ್ಲ.”

ರಕ್ಷಾ ಬಂದು ಅಜ್ಜಿಯ ಪಕ್ಕ ಕೂತು ತಾನೂ ಹೇಳಿತು. ನೇತ್ರಾವತಿ ಒಲೆಯ ಮುಂದಿಂದ ತಿದ್ದಿದಳು. ಹಾರ ಹಾಕಿದ ಫೋಟೊದ ಮುಂದೆ, ಇನ್ನೂ ಒಣಗದ ಹೂವಿನ ವಾಸನೆಯಲ್ಲಿ, ನಾಲ್ಕು ಹೆಣ್ಣುಗಳು ಒಂದೇ ವಾಕ್ಯವನ್ನು ಉರುಹೊಡೆದವು. ಸುಂಕಲಮ್ಮನ ನಾಲಿಗೆ ‘ಜ’ದಲ್ಲಿ ಎಡವುತ್ತಿತ್ತು. ಎಡವಿದಾಗಲೆಲ್ಲ ಮೊದಲಿಂದ ಶುರುಮಾಡುತ್ತಿದ್ದಳು. ಒಂದು ಸಲ, “ಇದ್ಯಾಕೆ ಕಲೀಬೇಕೋ, ಸತ್ತೋನ ಸುದ್ದಿ ಕೇಳಾಕೆ,” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ, “ಹೂಂ, ಹೇಳಿಕೊಡು,” ಎಂದಳು.

ಸೋಮವಾರ ಮಧ್ಯಾಹ್ನ ಹುಲಿಗೆಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅವ್ವನ ಅಂಗೈ ಮೇಲಿಟ್ಟಳು. ಆರನೇ ಸಲಕ್ಕೆ ಲೈನು ಸಿಕ್ಕಿತು. ಬಲೇ ಎಂದಿತು ದನಿ. ಸುಂಕಲಮ್ಮ ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು, ಹೊಲದಾಚೆ ಇರುವವರನ್ನು ಕೂಗುವ ಹಾಗೆ ಕೂಗಿದಳು:

“ಪಿಸರಮ್ ಜಿಂದೆ ಅಸ್ತಾ?”

ಮಾಸೂಮೆ ಗುರುತು ಹಿಡಿದಳೋ ಇಲ್ಲವೋ. ನಿನ್ನೆ ಎರಡು ಸಲ ಕೇಳಿದ್ದನ್ನೇ ಮೂರನೆಯ ಸಲ, ಅದೂ ಕೆಲಸದ ನಡುವೆ, ಕಿವಿಯ ಹತ್ತಿರ ಕೂಗಿ ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವಳು ಬೈಯತೊಡಗಿದಳು. ಸರಸರನೆ, ಉಸಿರು ತೆಗೆದುಕೊಳ್ಳದೆ. ನಡುವೆ ‘ಜಿಂದೆ’ ಬಂತು, ‘ಗುಫ್ತಮ್’ ಬಂತು, ಹೇಳಿದೆನಲ್ಲ ಎಂದು. ಉಳಿದದ್ದು ಹುಲಿಗೆಮ್ಮನಿಗೂ ತಿಳಿಯಲಿಲ್ಲ. ಅವಳು ಗಾಬರಿಯಾಗಿ ಫೋನಿಗೆ ಕೈಚಾಚಿದಳು.

ಸುಂಕಲಮ್ಮ ಕೊಡಲಿಲ್ಲ. ಫೋನನ್ನು ಎದೆಗೆ ಹಿಡಿದು ಆ ಬೈಗಳನ್ನು ಪೂರ್ತಿ ಕೇಳಿದಳು. ಅವಳ ಮುಖದ ಸುಕ್ಕುಗಳು ಒಂದೊಂದಾಗಿ ಜಾಗ ಬದಲಿಸಿದವು.

“ಬೈತಾವಳೆ ಕಣೆ,” ಎಂದಳು.

“ಅವ್ವಾ, ಅವಳು ಒಳ್ಳೇಳೆ, ಅವಸರದಾಗೆ...”

“ಬೈತಾವಳೆ!” ಸುಂಕಲಮ್ಮನ ಕಣ್ಣು ತುಂಬಿ ಬಂತು. “ಸತ್ತ ಮನೆಯೋರಿಗೆ ಯಾರಾನ ಹಿಂಗೆ ಬೈತಾರೇನೆ? ಇಲ್ಲಿ ಬಂದೋರೆಲ್ಲ ಎಷ್ಟು ಮೆತ್ತಗೆ ಮಾತಾಡಿದ್ರು. ನಾಲ್ಕು ದಿನದಿಂದ ಮೆತ್ತಗೆ ಮಾತಾಡಿ ಮಾತಾಡಿ ನನ್ನ ಮಣ್ಣು ಮಾಡಿದ್ರು. ಇವಳು ನೋಡು... ಅವನು ಅದಾನೆ. ಅದಾನೆ ಕಣೆ ಹುಲಿಗಿ.”

ನೇತ್ರಾವತಿ ಎದ್ದು ಫೋಟೊದ ಮೇಲಿಂದ ಹಾರವನ್ನು ತೆಗೆದಳು. ಒಂದಿಷ್ಟು ಎಸಳು ಉದುರಿದವು.

“ಉಣ್ತಾನೇನು ಕೇಳು,” ಎಂದಳು ಸುಂಕಲಮ್ಮ.

ಹುಲಿಗೆಮ್ಮ ಕೇಳಿದಳು. ಆ ಕಡೆ ಬೈಗಳು ನಿಂತಿತ್ತು. ಮಾಸೂಮೆಯ ದನಿ ಇಳಿಯಿತು, ನಿಧಾನವಾಯಿತು. ನಮೀಖುರದ್. ತಿನ್ನುವುದಿಲ್ಲ. ಚಮಚ ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಾನೆ. ಕಣ್ಣು ಬಿಟ್ಟಾಗಿನಿಂದ ಹೀಗೇ. ಡಾಕ್ಟರು ತಲೆಯಾಡಿಸುತ್ತಾರೆ. ಒಂದೊಂದು ಮಾತನ್ನೂ ಹುಲಿಗೆಮ್ಮ ಕೇಳಿದ ಹಾಗೇ ಕನ್ನಡದಲ್ಲಿ ಹೇಳಿದಳು, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಹೇಳುವಾಗ ಅವ್ವನ ಮುಖ ನೋಡುವ ಧೈರ್ಯವಾಗದೆ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು. ನೇತ್ರಾವತಿ ಹಾರ ಹಿಡಿದುಕೊಂಡೇ ನಿಂತಿದ್ದಳು.

“ಅವಂಗೂ ಬಯ್ಯಾಕೆ ಹೇಳು,” ಎಂದಳು ಸುಂಕಲಮ್ಮ.

“ಏನಂದಿ?”

“ಈಗ ನಂಗೆ ಬೈದ್ಲಲ್ಲ, ಹಂಗೇ ಬೈದು ಉಣ್ಸು ಅನ್ನು. ಆ ಮುಂಡೇದು ಚಿಕ್ಕೋನಿದ್ದಾಗ್ಲಿಂದ ಪೂಸಿ ಹೊಡೆದ್ರೆ ಉಂಡೋನಲ್ಲ. ಬೈದ್ರೇನೆ ಬಾಯಿ ತೆಗೀತಿದ್ದ. ಅವ್ವ ಹೇಳ್ಯಾಳೆ ಅನ್ನು.”

ಬೈಯುವುದಕ್ಕೆ ಫಾರಸಿಯಲ್ಲಿ ಏನೆನ್ನುತ್ತಾರೋ ಹುಲಿಗೆಮ್ಮನಿಗೆ ಗೊತ್ತಿರಲಿಲ್ಲ. ಹಾಳೆಗಳನ್ನು ಮಗುಚಿದಳು, ಕೆಂಪು ಇಂಕಿನ ಸಾಲುಗಳ ಮೇಲೆ ಬೆರಳಾಡಿಸಿದಳು. ಹೇಳು ಇತ್ತು, ಕೊಡು ಇತ್ತು, ತಿನ್ನು ಇತ್ತು. ಆ ಕಡೆ ವಾರ್ಡಿನ ಗದ್ದಲ, ಯಾರೋ ಮಾಸೂಮೆಯನ್ನು ಕರೆಯುತ್ತಿದ್ದರು. ಆದರೂ ಅವಳು ಫೋನ್ ಇಟ್ಟಿರಲಿಲ್ಲ.

“ಬಲೇ? ಖಾನುಮ್?”

“ಮಾದರಶ್ ಮೀಗೂಯದ್,” ಎಂದು ಹುಲಿಗೆಮ್ಮ ಶುರುಮಾಡಿದಳು. ಅವನ ತಾಯಿ ಹೇಳುತ್ತಾಳೆ. ಮುಂದಿನ ಮಾತಿಗೆ ಬಾಯಿ ತಡವರಿಸಿತು. ಸುಂಕಲಮ್ಮ ಮಗಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಹುಲಿಗೆಮ್ಮ ಉಸಿರೆಳೆದುಕೊಂಡು, ಪದ ಸಿಗದ ಕಡೆ ದನಿಯನ್ನೇ ಎತ್ತಿ, ಇಷ್ಟು ದಿನ ಫೋನಿನಲ್ಲಿ ಒಮ್ಮೆಯೂ ಎತ್ತದಷ್ಟು ಎತ್ತಿ, ತಮ್ಮನ ಹೆಸರು ಹಿಡಿದು ಗದರಿದಳು:

“ಪರಶುರಾಮ್! ನಾನ್ ಬಿಖುರ್! ಬಿಖುರ್!” ರೊಟ್ಟಿ ತಿನ್ನು, ತಿನ್ನು.

ಸ್ಪೀಕರಿನಲ್ಲಿ ಮಾಸೂಮೆ ಅದೇ ಏರುದನಿಯಲ್ಲಿ, ಅದೇ ಗದರಿಕೆಯಲ್ಲಿ, ಆ ಮಾತನ್ನು ಒಮ್ಮೆ ಹೇಳಿ ನೋಡಿದಳು. ಹೀಗೋ ಎಂಬಂತೆ.

“ಇನ್ನೂ ಜೋರಾಗಿ ಅನ್ನು ಅವಳಿಗೆ,” ಎಂದಳು ಸುಂಕಲಮ್ಮ.